ಹೊಟ್ಟೆಗೆ ಹಾಕಿಕೊಂಡದ್ದು

ಕ್ಷಮಿಸುವುದನ್ನು ಹೇಳಲು ಕನ್ನಡದಲ್ಲಿ ಬಳಕೆಯಾಗುವ ಮಾತುಗಳನ್ನು ಒಂದೆಡೆ ಇಟ್ಟು ನೋಡಿದರೆ, ಅವೆಲ್ಲ ಒಂದೇ ಕ್ರಿಯೆಯ ಹೆಸರುಗಳಲ್ಲ ಎಂಬುದು ಕಾಣುತ್ತದೆ. ‘ಕ್ಷಮೆ’ಯ ಸಂಸ್ಕೃತ ಧಾತುವಿಗೆ ಸಹಿಸು ಎಂಬುದು ಮೂಲಾರ್ಥವಾದ್ದರಿಂದ, ಅಗೆದರೂ ಉತ್ತರೂ ತಾಳಿಕೊಳ್ಳುವ ಭೂಮಿಗೆ ಅದೇ ಹೆಸರು ಬಂದಿದೆ. ‘ಮನ್ನಿಸು’ ಎಂದರೆ ಗೌರವಿಸು ಎಂದೂ ಆಗುತ್ತದೆ, ತಪ್ಪನ್ನು ಬಿಟ್ಟುಕೊಡು ಎಂದೂ ಆಗುತ್ತದೆ. ಅರಬ್ಬಿಯಿಂದ ಬಂದ ‘ಮಾಫಿ’ ಹೆಚ್ಚಾಗಿ ಸಾಲ, ಕಂದಾಯ, ದಂಡಗಳ ಲೆಕ್ಕದ ಮಾತು. ಮನೆಯೊಳಗೆ ಹಿರಿಯರ ಮುಂದೆ ತಲೆತಗ್ಗಿಸಿ ನಿಂತವರು ಆಡುವ ಮಾತಾದರೋ ಇವು ಯಾವುವೂ ಅಲ್ಲ. ‘ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ’ ಎಂಬುದು. ಮರಾಠಿಯಲ್ಲಿಯೂ ‘ಪೋಟಾತ್ ಘಾಲಣೆ’ ಎಂಬ ಇದೇ ನುಡಿಗಟ್ಟು ಇದೇ ಅರ್ಥದಲ್ಲಿ ಇರುವುದರಿಂದ, ಹೊರಗೆ ಮರಾಠಿಯನ್ನೂ ಒಳಗೆ ಕನ್ನಡವನ್ನೋ ತುಳುವನ್ನೋ ಆಡುವ ಥಾಣೆಯ ಸಂಸಾರಗಳಿಗೆ ಇದು ಎರಡು ಕಡೆಯಿಂದಲೂ ಪರಿಚಿತ. ಹೊಟ್ಟೆಗೆ ಹಾಕಿಕೊಂಡದ್ದು ಅರಗುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ನುಡಿಗಟ್ಟು ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಲು ವಾಗ್ಳೆ ಎಸ್ಟೇಟ್ ತಕ್ಕ ಜಾಗವೆನ್ನಲು ಕಾರಣವಿದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿ ಹುಟ್ಟಿದಾಗ ಅದರ ಆರಂಭದ ಕೈಗಾರಿಕಾ ಪ್ರದೇಶವಾಗಿದ್ದ ಈ ಭಾಗದಲ್ಲಿ ಕಾರ್ಖಾನೆಗಳು ಎದ್ದಂತೆ ಅವುಗಳ ಕ್ಯಾಂಟೀನುಗಳೂ ಗೇಟಿನ ಎದುರಿನ ಉಡುಪಿ ಹೋಟೆಲುಗಳೂ ಎದ್ದವು. ಕಿಸನ್ ನಗರ, ಸಾವರ್ಕರ್ ನಗರಗಳ ಚಾಳುಗಳ ಒಂದೊಂದು ಖೋಲಿಯಲ್ಲಿ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದವರು ನೆಲೆಗೊಂಡರು. ಇಂದು ಹಲವು ಶೆಡ್ಡುಗಳಿದ್ದ ಜಾಗದಲ್ಲಿ ಐಟಿ ಪಾರ್ಕುಗಳಿವೆ. ಹತ್ತಡಿ ಅಗಲದ ಕೋಣೆಯಲ್ಲಿ ಮೂರು ತಲೆಮಾರು ಮಲಗುವಾಗ ಜಗಳವನ್ನು ಬೆಳೆಸಲು ಜಾಗವಿರುವುದಿಲ್ಲವಾದ್ದರಿಂದ, ‘ಹೋಗಲಿ ಬಿಡು’ ಎನ್ನುವುದು ಅಲ್ಲಿ ಗುಣಕ್ಕಿಂತ ಹೆಚ್ಚಾಗಿ ಅನಿವಾರ್ಯವಾಗಿತ್ತು. ಅದನ್ನೇ ಕ್ಷಮೆಯೆಂದು ತಿಳಿದುಕೊಂಡದ್ದರಲ್ಲಿ ಒಂದು ತಪ್ಪು ಗ್ರಹಿಕೆಯಿದೆ ಎಂಬುದನ್ನು ತೋರಿಸಲು, ಬಹುದೂರದ ಒಂದು ಬದುಕು, ಅಂದರೆ ಯೂರೋಪಿನ ಯಹೂದಿಗಳ ಮಾರಣಹೋಮದಿಂದ ಬದುಕುಳಿದ ಈವಾ ಮೋಸೆಸ್ ಕೋರ್ ಎಂಬ ಮಹಿಳೆಯ ಬದುಕು, ನೆರವಿಗೆ ಬರುತ್ತದೆ.

ದೂರದ್ದೆಂದರೂ ಯಹೂದಿ ಧರ್ಮ ಥಾಣೆಗೆ ಹೊರಗಿನದಲ್ಲ. ವಾಗ್ಳೆ ಎಸ್ಟೇಟಿನಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಟೆಂಭಿ ನಾಕಾದ ಬಳಿ, ‘ಶಾಅರ್ ಹಶಮಾಯಿಮ್’ ಅಂದರೆ ‘ಸ್ವರ್ಗದ ಬಾಗಿಲು’ ಎಂಬ ಹೆಸರಿನ ಸಿನಗಾಗ್, ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, 1879ರಿಂದ ಇದೆ. ಅದನ್ನು ಕಟ್ಟಿದವರು ಬೆನೆ ಇಸ್ರೇಲರು: ಕೊಂಕಣ ಕರಾವಳಿಯಲ್ಲಿ ಹಡಗು ಒಡೆದು ನವಗಾಂವಿನ ದಡ ಸೇರಿದವರ ಸಂತತಿ ತಾವೆಂದು ಹೇಳಿಕೊಳ್ಳುವ, ಮರಾಠಿಯನ್ನೇ ಮನೆಮಾತಾಗಿ ಆಡುವ, ಹಿಂದೆ ಗಾಣದ ಎಣ್ಣೆ ತೆಗೆಯುತ್ತ ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ್ ತೇಲಿ’ ಎಂದು ಊರವರು ಕರೆಯುತ್ತಿದ್ದ, ಪೇಣ್ಕರ್, ರೋಹೇಕರ್ ಎಂಬಂತೆ ಊರ ಹೆಸರಿಗೆ ‘ಕರ್’ ಸೇರಿಸಿದ ಅಡ್ಡಹೆಸರುಳ್ಳ ಜನ. ಯಹೂದಿಗಳ ಪಂಚಾಂಗದಲ್ಲಿ ಪಾಪನಿವೇದನೆಯ ಉಪವಾಸದ ದಿನವಾದ ಯೋಮ್ ಕಿಪ್ಪುರ್‌ಗೆ ಅವರು ಇಟ್ಟುಕೊಂಡಿದ್ದ ಮರಾಠಿ ಹೆಸರು ‘ದಾರ್ ಫಾಳ್ಣೀಚಾ ಸಣ್’, ಬಾಗಿಲು ಮುಚ್ಚುವ ಹಬ್ಬ. ಅಂದು ಬಿಳಿಯುಟ್ಟು, ಬಾಗಿಲು ಹಾಕಿಕೊಂಡು, ಹೊರಗಿನವರ ಸಂಪರ್ಕ ತೊರೆದು ಇರುತ್ತಿದ್ದರು. ಮರುದಿನ ‘ಶಿಳಾ ಸಣ್’, ತಂಗಳ ಹಬ್ಬ. ಬಾಗಿಲು ತೆರೆದು ಬಡವರಿಗೆ ದಾನ ಕೊಟ್ಟು ಬಂಧುಗಳ ಮನೆಗೆ ಹೋಗಿಬರುವ ದಿನ. ಮುಚ್ಚಿದ ಬಾಗಿಲಿನ ಹಿಂದೆ ತನ್ನ ಲೆಕ್ಕ ತಾನು ನೋಡಿಕೊಂಡ ಮೇಲೆಯೇ ನೆಂಟರ ಹೊಸ್ತಿಲು ತುಳಿಯುವ ಈ ಅನುಕ್ರಮ ಗಮನಾರ್ಹ.

ಯಹೂದಿ ಧರ್ಮಶಾಸ್ತ್ರವು ಆ ಅನುಕ್ರಮವನ್ನು ಇನ್ನಷ್ಟು ಬಿಗಿಮಾಡಿದೆ. ದೇವರಿಗೆ ಎಸಗಿದ ತಪ್ಪಿಗೆ ಯೋಮ್ ಕಿಪ್ಪುರ್ ಸಾಕಾದರೂ, ಮನುಷ್ಯನಿಗೆ ಎಸಗಿದ ತಪ್ಪಿಗೆ ಆ ಮನುಷ್ಯನನ್ನೇ ಕಂಡು, ನಷ್ಟ ತುಂಬಿಕೊಟ್ಟು, ಅವನ ಮನಸ್ಸನ್ನು ಒಲಿಸಿಕೊಳ್ಳದ ಹೊರತು ಪರಿಹಾರವಿಲ್ಲವೆಂದು ಮಿಷ್ನಾ ಎಂಬ ಪ್ರಾಚೀನ ಸಂಕಲನ ಹೇಳುತ್ತದೆ. ಹನ್ನೆರಡನೇ ಶತಮಾನದ ಧರ್ಮಶಾಸ್ತ್ರಜ್ಞ ಮೈಮೋನಿಡಿಸ್ ಇದನ್ನು ವಿಸ್ತರಿಸಿ, ಮೂರು ಸಲ ಸಾಕ್ಷಿಗಳೊಂದಿಗೆ ಹೋಗಿ ಬೇಡಿಕೊಳ್ಳಬೇಕೆಂದು ವಿಧಿಸಿದ. ಹೀಗಾದರೆ ಕೊಲೆಗೆ ಕ್ಷಮೆಯೇ ಇಲ್ಲದಂತಾಗುತ್ತದೆ, ಏಕೆಂದರೆ ಕ್ಷಮಿಸಬೇಕಾದವನೇ ಉಳಿದಿಲ್ಲ. ಸುಮಾರು 60 ಲಕ್ಷ ಯಹೂದಿಗಳು ಕೊಲ್ಲಲ್ಪಟ್ಟ ಬಳಿಕ ಈ ಮಾತು ಗ್ರಂಥದ ಪುಟದಿಂದ ಹೊರಬಂತು. ಸಾಯುತ್ತಿದ್ದ ನಾಜಿ ಸೈನಿಕನೊಬ್ಬ ಯಹೂದಿ ಕೈದಿಯನ್ನು ಹಾಸಿಗೆಯ ಬಳಿಗೆ ಕರೆಸಿಕೊಂಡು ಕ್ಷಮೆ ಬೇಡಿದಾಗ ಆ ಕೈದಿ ಒಂದು ಮಾತೂ ಆಡದೆ ಹೊರನಡೆದ ಪ್ರಸಂಗವನ್ನು ಸೈಮನ್ ವೀಸೆಂಥಾಲ್ ತಮ್ಮ ‘ಸೂರ್ಯಕಾಂತಿ’ ಎಂಬ ಕೃತಿಯಲ್ಲಿ ನಿರೂಪಿಸಿ, ಆ ಮೌನ ಸರಿಯೇ ಎಂದು ಅನೇಕ ಚಿಂತಕರನ್ನು ಕೇಳಿದರು. ಉತ್ತರಗಳು ಒಮ್ಮತಕ್ಕೆ ಬರಲಿಲ್ಲ.

ಈವಾ ಕೋರ್ ನಡೆದದ್ದು ಈ ಶಾಸ್ತ್ರದ ದಾರಿಯಲ್ಲಲ್ಲ. ರುಮೇನಿಯಾದ ಪೋರ್ಟ್ಸ್ ಎಂಬ ಹಳ್ಳಿಯಲ್ಲಿ 1934ರ ಜನವರಿ 31ರಂದು ಅವಳಿ ಸೋದರಿ ಮಿರಿಯಂ ಜೊತೆ ಹುಟ್ಟಿದ ಅವರನ್ನು, 1944ರಲ್ಲಿ ಹತ್ತರ ಹರೆಯದಲ್ಲಿ, ಕುಟುಂಬದೊಡನೆ ಪೋಲೆಂಡಿನ ಆಶ್ವಿಟ್ಸ್ ಶಿಬಿರಕ್ಕೆ ಒಯ್ಯಲಾಯಿತು. ತಂದೆ, ತಾಯಿ, ಇಬ್ಬರು ಅಕ್ಕಂದಿರು ಅಲ್ಲಿಂದ ಮರಳಲಿಲ್ಲ. ಅವಳಿಗಳೆಂಬ ಒಂದೇ ಕಾರಣಕ್ಕೆ ಇವರಿಬ್ಬರು ಉಳಿದರು, ಏಕೆಂದರೆ ಯೋಸೆಫ್ ಮೆಂಗೆಲೆ ಎಂಬ ವೈದ್ಯ ಅವಳಿ ಮಕ್ಕಳನ್ನು ಆರಿಸಿಕೊಂಡು, ಒಬ್ಬರಿಗೆ ಏನನ್ನೋ ಚುಚ್ಚಿ ಇನ್ನೊಬ್ಬರೊಡನೆ ಹೋಲಿಸಿ ನೋಡುವ ಪ್ರಯೋಗ ನಡೆಸುತ್ತಿದ್ದ. ಅಂಥದೊಂದು ಚುಚ್ಚುಮದ್ದಿನ ನಂತರ ಈವಾಗೆ ತೀವ್ರ ಜ್ವರ ಬಂದು, ಇನ್ನು ಎರಡು ವಾರ ಉಳಿಯುವಳೆಂಬ ಮಾತು ಮೆಂಗೆಲೆಯ ಬಾಯಿಂದಲೇ ಅವರ ಕಿವಿಗೆ ಬಿದ್ದಿತ್ತು. ಉಳಿದರು. 1945ರ ಜನವರಿ 27ರಂದು ಸೋವಿಯತ್ ಸೇನೆ ಶಿಬಿರದ ಬಾಗಿಲು ತೆರೆಯಿತು. 1950ರಲ್ಲಿ ಸೋದರಿಯರಿಬ್ಬರೂ ಇಸ್ರೇಲಿಗೆ ಹೋದರು. 1960ರಲ್ಲಿ ಮದುವೆಯಾದ ಈವಾ, ತಮ್ಮಂತೆಯೇ ಶಿಬಿರಗಳಿಂದ ಬದುಕುಳಿದಿದ್ದ ಗಂಡ ಮೈಕೆಲ್ ಕೋರ್ ಜೊತೆ ಅಮೆರಿಕದ ಇಂಡಿಯಾನಾ ರಾಜ್ಯದ ಟೆರಹೋಟ್ ಎಂಬ ಸಣ್ಣ ಊರಿನಲ್ಲಿ ಸಂಸಾರ ಹೂಡಿದರು. ಅಲ್ಲಿ ಅವರ ಕಥೆ ಯಾರಿಗೂ ಬೇಕಿರಲಿಲ್ಲ, ಅವರ ಸಿಟ್ಟು ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಬೀದಿಯ ಹುಡುಗರು ಕಿಡಿಗೇಡಿತನ ಮಾಡಿ ಕೆಣಕಿದರೆ ಬೆನ್ನಟ್ಟಿ ಹೋಗುವ ಹೆಂಗಸೆಂದು ಹೆಸರಾಗಿದ್ದರು. 1978ರಲ್ಲಿ ಅಮೆರಿಕದ ಟಿವಿಯಲ್ಲಿ ಈ ಮಾರಣಹೋಮದ ಧಾರಾವಾಹಿ ಪ್ರಸಾರವಾದ ಮೇಲೆಯೇ ಊರಿಗೆ ಆ ಸಿಟ್ಟಿನ ಬುಡ ಗೊತ್ತಾದದ್ದು. 1984ರಲ್ಲಿ ಅವರು ಮೆಂಗೆಲೆಯ ಅವಳಿಗಳನ್ನು ಹುಡುಕಿ ಒಂದುಗೂಡಿಸುವ ‘ಕ್ಯಾಂಡಲ್ಸ್’ ಎಂಬ ಸಂಸ್ಥೆಯನ್ನು ಕಟ್ಟಿದರು.

ಹಾನ್ಸ್ ಮ್ಯೂಂಖ್ ಎಂಬಾತ ಆಶ್ವಿಟ್ಸಿನಲ್ಲಿ ಕೆಲಸ ಮಾಡಿದ್ದ ನಾಜಿ ವೈದ್ಯ; 1947ರ ಕ್ರಾಕೋವ್ ವಿಚಾರಣೆಯಲ್ಲಿ ಕೈದಿಗಳೇ ಅವನ ಪರವಾಗಿ ಸಾಕ್ಷಿ ಹೇಳಿದ್ದರಿಂದ ಬಿಡುಗಡೆಯಾಗಿದ್ದವನು. 1993ರಲ್ಲಿ ಈವಾ ಜರ್ಮನಿಯಲ್ಲಿ ಅವನನ್ನು ಕಂಡಾಗ, ಅನಿಲ ಕೋಣೆಗಳಲ್ಲಿ ಕೊಲೆ ಹೇಗೆ ನಡೆಯುತ್ತಿತ್ತೆಂಬುದನ್ನು ಅವನು ಬಿಡಿಸಿ ಹೇಳಿದ. ಅದನ್ನು ಬರೆದು, ಆಶ್ವಿಟ್ಸಿನಲ್ಲಿಯೇ ನಿಂತು, ಸಾಕ್ಷಿಗಳ ಎದುರು ಸಹಿಮಾಡಬೇಕೆಂದು ಈವಾ ಕೇಳಿದರು, ಅವನು ಒಪ್ಪಿದ. ಇದಕ್ಕೆ ಪ್ರತಿಯಾಗಿ ಅವನಿಗೆ ಏನು ಕೊಡುವುದೆಂದು ತಿಂಗಳುಗಟ್ಟಲೆ ಯೋಚಿಸಿ, ಕೊನೆಗೆ ಕ್ಷಮಿಸುವ ಒಂದು ಪತ್ರ ಕೊಡಬಹುದೆಂದು ತೀರ್ಮಾನಿಸಿ, ಬರೆದ ಪತ್ರದ ಇಂಗ್ಲಿಷನ್ನು ತಿದ್ದಿಸಲು ಪರಿಚಯದ ಅಧ್ಯಾಪಕಿಯ ಬಳಿಗೆ ಹೋದಾಗ ಆಕೆ, ಮ್ಯೂಂಖ್‌ನ ಮಾತಿರಲಿ, ಮೆಂಗೆಲೆಯನ್ನು ಕ್ಷಮಿಸಬಲ್ಲಿರಾ ಎಂದು ಕೇಳಿದರಂತೆ. ಆಮೇಲೆ ಈವಾ ಮಾಡಿದ್ದನ್ನು ಅವರೇ ಅನೇಕ ಕಡೆ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಒಬ್ಬರೇ ಇದ್ದಾಗ ನಿಘಂಟು ತೆರೆದು, ಅದರಿಂದ ಇಪ್ಪತ್ತು ಕೆಟ್ಟ ಬೈಗುಳಗಳನ್ನು ಹೆಕ್ಕಿ ಬರೆದುಕೊಂಡು, ಮೆಂಗೆಲೆ ಆ ಕೋಣೆಯಲ್ಲಿಯೇ ಇದ್ದಾನೆಂದು ಭಾವಿಸಿ ಒಂದೊಂದನ್ನೂ ಗಟ್ಟಿಯಾಗಿ ಓದಿ, ಇಷ್ಟಾದರೂ ನಿನ್ನನ್ನು ಕ್ಷಮಿಸಿದ್ದೇನೆ ಎಂದು ಮುಗಿಸಿದರು. 1995ರ ಜನವರಿ 27ರಂದು, ಬಿಡುಗಡೆಯ 50ನೇ ವರ್ಷ, ಆಶ್ವಿಟ್ಸಿನ ಅವಶೇಷಗಳ ಬಳಿ ಮ್ಯೂಂಖ್ ತನ್ನ ಹೇಳಿಕೆಗೆ ಸಹಿ ಹಾಕಿದ, ಈವಾ ತಮ್ಮ ಕ್ಷಮಾಪತ್ರಕ್ಕೆ ಸಹಿ ಹಾಕಿದರು.

ಈ ಪ್ರಸಂಗವನ್ನು ಓದುವವರು ಸಾಮಾನ್ಯವಾಗಿ ಕೊನೆಯ ಸಹಿಯ ಬಳಿ ನಿಂತುಬಿಡುತ್ತಾರೆ. ಆದರೆ ಅದಕ್ಕೆ ಮೊದಲು ನಡೆದದ್ದೇ ಮನೆಗಳಿಗೆ ಬೇಕಾದ ಪಾಠ: ಮೊದಲು ನಡೆದ ತಪ್ಪಿನ ಲಿಖಿತ ವಿವರ, ಆಮೇಲೆ ಇಪ್ಪತ್ತು ಬೈಗುಳ, ಅದಾದ ಮೇಲೆಯೇ ಕ್ಷಮೆ. ಇಲ್ಲಿ ಹೊಟ್ಟೆಗೆ ಹಾಕಿಕೊಂಡದ್ದು ಏನೂ ಇಲ್ಲ, ಎಲ್ಲವೂ ಹೊರಗೆ ಬಂದಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕ್ಷಮೆಯನ್ನು ಮನಶ್ಶಾಸ್ತ್ರದ ವಿಷಯವಾಗಿ ದಶಕಗಳ ಕಾಲ ಅಧ್ಯಯನ ಮಾಡಿದ ರಾಬರ್ಟ್ ಎನ್‌ರೈಟ್ ಕೂಡ ತಮ್ಮ ಕ್ರಮದ ಮೊದಲ ಹಂತಕ್ಕೆ ‘ತೆರೆದು ನೋಡುವುದು’ ಎಂಬ ಅರ್ಥದ ಹೆಸರನ್ನೇ ಕೊಟ್ಟಿದ್ದಾರೆ. ತನಗೆ ಆದ ಅನ್ಯಾಯವನ್ನೂ ಅದರಿಂದ ಬಂದ ಕೋಪವನ್ನೂ ಒಪ್ಪಿಕೊಳ್ಳದವರು ಮುಂದಿನ ಹಂತಕ್ಕೆ ದಾಟಲಾರರೆಂಬುದೂ, ಕ್ಷಮಿಸುವುದು ಬೇರೆ ಮತ್ತೆ ಕೂಡಿ ಬಾಳುವುದು ಬೇರೆ ಎಂಬುದೂ ಅವರ ಪ್ರತಿಪಾದನೆ.

ಮುಖ್ಯವಾದ ಇನ್ನೊಂದು ಸಂಗತಿಯನ್ನು ಈವಾ ಹೇಳಿದ್ದಾರೆ. ಮೆಂಗೆಲೆಯನ್ನು ಕ್ಷಮಿಸಿದ ಮೇಲೆ ತಾವು ತಂದೆತಾಯಿಯನ್ನೂ ಕ್ಷಮಿಸಬೇಕಿದೆ ಎಂಬುದು ಅವರಿಗೆ ಹೊಳೆಯಿತು, ಏಕೆಂದರೆ ಅಪಾಯ ಕಣ್ಣೆದುರು ಇದ್ದಾಗಲೂ ಊರು ಬಿಟ್ಟು ತಮ್ಮನ್ನು ಉಳಿಸಿಕೊಳ್ಳಲಿಲ್ಲವೆಂಬ ಕೋಪ ಅವರ ಮೇಲೆ ಜೀವಮಾನವಿಡೀ ಇತ್ತು. ಅದರ ಬೆನ್ನಿಗೆ, ಕೊಲೆಯಾದ ಹೆತ್ತವರನ್ನು ದ್ವೇಷಿಸಿದ ತಮ್ಮನ್ನೂ ತಾವು ಕ್ಷಮಿಸಿಕೊಳ್ಳಬೇಕಾಯಿತು. ಮೆಂಗೆಲೆಯಂಥವನ ಹೆಸರು ಯಾರ ಮನೆಯ ಕಥೆಯಲ್ಲಿಯೂ ಬರಲಾರದು, ಆದರೆ ಕಾಪಾಡಲಾಗದ ಹೆತ್ತವರ ಕಥೆ ವಾಗ್ಳೆ ಎಸ್ಟೇಟಿನ ಎಷ್ಟೋ ಮನೆಗಳಲ್ಲಿದೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ, ಮನೆಯಲ್ಲಿ ಉಣ್ಣುವ ಬಾಯಿ ಒಂದು ಕಡಿಮೆಯಾಗಲೆಂದು, ಊರಿನವರೊಬ್ಬರ ಜೊತೆ ಮುಂಬಯಿ ಬಸ್ಸು ಹತ್ತಿಸಲ್ಪಟ್ಟು, ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಟೇಬಲ್ ಒರೆಸಿ, ರಾತ್ರಿ ಅದೇ ಟೇಬಲುಗಳನ್ನು ಜೋಡಿಸಿ ಮಲಗಿ, ಬಿಡುವು ಸಿಕ್ಕವರು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಒಂದು ತಲೆಮಾರು ಇದೆ. ಈ ಬದುಕನ್ನು ಆಶ್ವಿಟ್ಸಿನ ಪಕ್ಕದಲ್ಲಿಟ್ಟು ತೂಗುವುದು ಎರಡಕ್ಕೂ ಅನ್ಯಾಯ. ಬಡತನ ಕೊಲೆಗಾರನಲ್ಲ, ಆ ಹುಡುಗರಲ್ಲಿ ಹಲವರು ಮುಂದೆ ಹೋಟೆಲಿನ ಒಡೆಯರೂ ಆದರು. ಆದರೆ ಅವರು ಮೊಮ್ಮಕ್ಕಳಿಗೆ ಹೇಳುವುದು ಕಷ್ಟಪಟ್ಟು ಮೇಲೆ ಬಂದ ಕಥೆಯನ್ನೇ ಹೊರತು, ಬಸ್ಸು ಹತ್ತಿದ ದಿನ ಅಪ್ಪನ ಮೇಲೆ ಹುಟ್ಟಿದ್ದ ಸಿಟ್ಟನ್ನಲ್ಲ. ಅಪ್ಪನ ಮೇಲೆ ಸಿಟ್ಟಿದೆ ಎನ್ನುವುದಕ್ಕೆ ನಮ್ಮ ಸಂಸಾರಗಳ ಮರ್ಯಾದೆಯ ಮಾತಿನಲ್ಲಿ ಜಾಗವೇ ಇಲ್ಲ.

ಹೀಗೆ ಹೇಳದೆ ಉಳಿದದ್ದು ಎಲ್ಲಿಗೂ ಹೋಗುವುದಿಲ್ಲ. ಮಾರಣಹೋಮದಿಂದ ಬದುಕುಳಿದವರ ಮಕ್ಕಳಲ್ಲಿ, ತಾವು ಕಂಡಿರದ ಶಿಬಿರಗಳ ಭಯವೂ ದುಃಖವೂ ಕಾಣುತ್ತದೆಂಬುದನ್ನು 1960ರ ದಶಕದಲ್ಲಿ ಕೆನಡಾದ ಮನೋವೈದ್ಯರು ಗುರುತಿಸಿದರು. 1979ರಲ್ಲಿ ಹೆಲೆನ್ ಎಪ್‌ಸ್ಟೈನ್ ಅಂಥ ಮಕ್ಕಳನ್ನೇ ಮಾತಾಡಿಸಿ ಒಂದು ಪುಸ್ತಕ ಬರೆದರು. ಕಥೆಯನ್ನು ಮುಚ್ಚಿಟ್ಟರೂ ಕಥೆಯ ಭಾರ ಮಕ್ಕಳಿಗೆ ದಾಟುತ್ತದೆಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು.

ಕರಾವಳಿಯ ಸಂಸಾರಗಳಲ್ಲಿ ಈ ಭಾರಕ್ಕೆ ಆಸ್ತಿಯ ರೂಪವೂ ಇದೆ. ತಾಯಿಯ ಕಡೆಯಿಂದ ಹಕ್ಕು ಇಳಿದುಬರುವ ಅಳಿಯಸಂತಾನದ ಕುಟುಂಬಗಳಲ್ಲಿ ಪಾಲಾಗುವ ಅವಕಾಶವನ್ನು 1949ರ ಮದ್ರಾಸ್ ಕಾಯಿದೆ ತೆರೆಯಿತು. 1974ರ ಭೂಸುಧಾರಣೆಯಲ್ಲಿ ಉಳುವವನು ‘ಡಿಕ್ಲರೇಶನ್’ ಕೊಟ್ಟು ಭೂಮಿಯ ಹಕ್ಕು ಪಡೆಯುವಂತಾದಾಗ, ಊರಿನಲ್ಲಿದ್ದ ಅಣ್ಣನ ಹೆಸರಿಗೆ ಮಂಜೂರಾದ ಗದ್ದೆಯಲ್ಲಿ ಮುಂಬಯಿಯಿಂದ ಹಣ ಕಳಿಸುತ್ತಿದ್ದ ತಮ್ಮನ ಪಾಲು ಎಷ್ಟೆಂಬ ತಕರಾರು ಎಷ್ಟೋ ಮನೆಗಳಲ್ಲಿ ಹುಟ್ಟಿತು. ಗೃಹಪ್ರವೇಶಕ್ಕೆ ಬರುತ್ತಾರೆ, ಬಾಳೆಲೆಯ ಮುಂದೆ ಕೂರುತ್ತಾರೆ, ಮಾತಾಡುವುದಿಲ್ಲ. ಇದನ್ನು ಬಿಡಿಸಲು ತುಳುನಾಡಿನಲ್ಲಿ ಒಂದು ಹಳೆಯ ಏರ್ಪಾಡು ಇದ್ದೇ ಇದೆ: ಕುಟುಂಬದ ಮನೆಯಲ್ಲಿ ದೈವದ ಎದುರು ಎಲ್ಲರೂ ಸೇರಿ, ದೂರು ಹೇಳಿ, ದೈವದ ನುಡಿ ಕೇಳಿ, ತಪ್ಪಿದವನು ‘ತಪ್ಪು ಕಾಣಿಕೆ’ ಇಡುವುದು. ಕಾಣಿಕೆಯ ಮೊತ್ತ ಸಣ್ಣದಿರಬಹುದು, ಆದರೆ ತಪ್ಪು ಯಾರದೆಂಬುದು ಹತ್ತು ಜನರ ಎದುರು ಹೆಸರು ಪಡೆಯುತ್ತದೆ, ಆಮೇಲೆಯೇ ಪ್ರಸಾದ. ಥಾಣೆಯ ಫ್ಲಾಟುಗಳಿಗೆ ದೈವ ಬಂದಿದೆ, ಪಟದ ರೂಪದಲ್ಲಿ, ನುಡಿ ಬಂದಿಲ್ಲ. ನೆರೆಯ ಗುಜರಾತಿ ಜೈನರಿಂದ ಸಂವತ್ಸರಿಯ ದಿನ ವಾಟ್ಸಾಪಿನಲ್ಲಿ ಬರುವ ‘ಮಿಚ್ಛಾಮಿ ದುಕ್ಕಡಂ’ ಎಂಬ ಪ್ರಾಕೃತ ಮಾತು, ಅಂದರೆ ‘ಎಸಗಿದ ಕೆಡುಕು ನಿಷ್ಫಲವಾಗಲಿ’ ಎಂಬುದು, ವರ್ಷದಲ್ಲಿ ಆದ ತಪ್ಪುಗಳನ್ನು ನೆನೆದು ಎದುರಿಗೆ ನಿಂತು ಆಡಬೇಕಾದದ್ದು. ಒಂದೇ ಚಿತ್ರವನ್ನು ಇನ್ನೂರು ಜನಕ್ಕೆ ಕಳಿಸಿದಾಗ ಯಾವ ತಪ್ಪೆಂಬ ಪ್ರಶ್ನೆ ಅಲ್ಲಿಯೂ ಕಳಚಿಹೋಗುತ್ತದೆ.

ಈವಾ ಅವರ ನಡೆಯನ್ನು ಉಳಿದ ಸಂತ್ರಸ್ತರಲ್ಲಿ ಹಲವರು ಒಪ್ಪಲಿಲ್ಲ, ಅವರ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಕ್ಷಮಿಸುವ ಅಧಿಕಾರ ಸತ್ತವರದು ಎಂಬ ಶಾಸ್ತ್ರದ ಮಾತು ಅವರ ಬೆನ್ನಿಗಿತ್ತು. ತಾವು ಕ್ಷಮಿಸಿದ್ದು ತಮ್ಮ ಒಬ್ಬರ ಹೆಸರಿನಲ್ಲಿ ಮಾತ್ರ ಎಂದು ಈವಾ ಒತ್ತಿ ಹೇಳುತ್ತಿದ್ದರು. ಕ್ಷಮೆ ಪಡೆದವನು ಅದಕ್ಕೆ ತಕ್ಕವನಾಗಿ ಉಳಿದನೇ ಎಂದರೆ ಅದೂ ಇಲ್ಲ: 1998ರ ಸಂದರ್ಶನವೊಂದರಲ್ಲಿ ಮ್ಯೂಂಖ್ ಆಡಿದ ಮಾತುಗಳು ಎಷ್ಟು ಹೀನವಾಗಿದ್ದವೆಂದರೆ ಮುಂದೆ ಫ್ರಾನ್ಸಿನ ನ್ಯಾಯಾಲಯವೊಂದು ಅವನನ್ನು ಜನಾಂಗದ್ವೇಷದ ಮಾತುಗಳಿಗಾಗಿ ತಪ್ಪಿತಸ್ಥನೆಂದು ಹೇಳಿತು. 2015ರಲ್ಲಿ ಜರ್ಮನಿಯ ಲ್ಯೂನೆಬರ್ಗ್‌ನಲ್ಲಿ, ಆಶ್ವಿಟ್ಸಿಗೆ ಬಂದವರಿಂದ ಕಸಿದ ಹಣದ ಲೆಕ್ಕ ಬರೆಯುತ್ತಿದ್ದ ಓಸ್ಕರ್ ಗ್ರೋನಿಂಗ್‌ನ ವಿಚಾರಣೆ ನಡೆದಾಗ, ಈವಾ ಅವನ ವಿರುದ್ಧದ ಸಹ-ಫಿರ್ಯಾದಿಗಳಲ್ಲಿ ಒಬ್ಬರಾಗಿ ಸಾಕ್ಷಿ ನುಡಿದರು. ಅದೇ ನ್ಯಾಯಾಲಯದಲ್ಲಿ ಅವನ ಕೈಕುಲುಕಿದರು, ಮುದುಕ ಅವರನ್ನು ತಬ್ಬಿಕೊಂಡ. ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು, ಇತರ ಸಹ-ಫಿರ್ಯಾದಿಗಳು ಬಹಿರಂಗವಾಗಿ ಅಸಮ್ಮತಿ ಸೂಚಿಸಿದರು. ಆದರೆ ಆ ಚಿತ್ರದಲ್ಲಿ ಕಾಣದ ಸಂಗತಿ ಅವರ ಸಾಕ್ಷಿ. ಕ್ಷಮಿಸಿದವರು ಸಾಕ್ಷಿ ಹೇಳಬಾರದೆಂದಿಲ್ಲ. 3 ಲಕ್ಷ ಕೊಲೆಗಳಿಗೆ ನೆರವಾದ ಅಪರಾಧಕ್ಕೆ ಗ್ರೋನಿಂಗ್‌ಗೆ ನಾಲ್ಕು ವರ್ಷ ಶಿಕ್ಷೆಯಾಯಿತು, ಸೆರೆಮನೆಗೆ ಹೋಗುವ ಮೊದಲೇ 2018ರಲ್ಲಿ ಅವನು ಸತ್ತ.

ಈವಾ ಅವರಂಥವರ ಕಥೆಯನ್ನು ಮನೆಗಳಲ್ಲಿ ಹೇಳುವಾಗ ಎಚ್ಚರ ಬೇಕಾದದ್ದು ಇಲ್ಲಿಯೇ. ‘ಅಷ್ಟು ದೊಡ್ಡದನ್ನೇ ಅವರು ಕ್ಷಮಿಸಿದರು, ನಿನ್ನದೇನು ಮಹಾ’ ಎಂಬ ಮಾತು ಪಂಚಾಯಿತಿಕೆಗೆ ಕೂತ ಹಿರಿಯರ ಬಾಯಿಂದ ಬಂದರೆ, ಏಟು ತಿಂದ ಸೊಸೆಯ ಬಾಯನ್ನು ಮುಚ್ಚಿಸುವ ಹೊಸ ಉಪಾಯವಷ್ಟೇ ಆಗುತ್ತದೆ. 2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆ ಬಂದ ನಂತರವೂ ‘ಹೊಟ್ಟೆಗೆ ಹಾಕಿಕೋ ಮಗಾ’ ಎಂಬುದೇ ತವರಿನ ಮೊದಲ ಸಲಹೆಯಾಗಿರುವ ಮನೆಗಳಿಗೆ ಕೊರತೆಯಿಲ್ಲ. ಈವಾ ಕ್ಷಮಿಸಿದ್ದು ಬಿಡುಗಡೆಯಾದ 50 ವರ್ಷದ ಮೇಲೆ. ಶಿಬಿರದ ಒಳಗಿದ್ದಾಗ ಅಲ್ಲ.

ಈ ಚರಿತ್ರೆಗೆ ಕನ್ನಡದ ಮನೆಯೊಳಗೆ ಬರಲು ಒಂದು ಬಾಗಿಲು ಆಗಲೇ ಇದೆ. 2007ರಲ್ಲಿ ಪ್ರಕಟವಾದ ನೇಮಿಚಂದ್ರರ ‘ಯಾದ್ ವಶೇಮ್’ ಕಾದಂಬರಿಯಲ್ಲಿ, ಹಿಟ್ಲರನ ಜರ್ಮನಿಯಿಂದ ತಂದೆಯೊಡನೆ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಹ್ಯಾನಾ ಎಂಬ ಹುಡುಗಿ ಇಲ್ಲಿನ ಮನೆಯಲ್ಲಿ ಬೆಳೆದು, ಇಳಿವಯಸ್ಸಿನಲ್ಲಿ ತನ್ನವರು ಏನಾದರೆಂದು ಹುಡುಕಿಕೊಂಡು ಹೋಗುತ್ತಾಳೆ. ಕಲ್ಪನೆಯ ಕಥೆಯಾದರೂ ಅದರ ನೆಲ ಕಲ್ಪನೆಯದಲ್ಲ: ಜರ್ಮನಿಯ ಗಾಟಿಂಗನ್ನಿನಲ್ಲಿ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದರು, ಅವರ ಸೋದರಳಿಯ ಆಟೋ ಕೋನಿಗ್ಸ್‌ಬರ್ಗರ್ 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ಕಾದಂಬರಿಯ ಹೆಸರು ಜೆರುಸಲೇಮಿನಲ್ಲಿರುವ ಸ್ಮಾರಕದ್ದು, ‘ಒಂದು ಸ್ಮಾರಕ ಮತ್ತು ಒಂದು ಹೆಸರು’ ಎಂಬುದು ಹೀಬ್ರೂ ಭಾಷೆಯಲ್ಲಿ ಅದರ ಅರ್ಥ. ಎಂಬತ್ತು ದಾಟಿದ ಅಜ್ಜನೂ ಐಟಿ ಪಾರ್ಕಿನ ಮೊಮ್ಮಗಳೂ ಒಟ್ಟಿಗೆ ಓದಬಹುದಾದ ಪುಸ್ತಕಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು, ಓದಿ ಮುಗಿಸಿದ ಮೇಲೆ ‘ಅಜ್ಜ, ನಿಮ್ಮನ್ನು ಬಸ್ಸು ಹತ್ತಿಸಿದ್ದು ಯಾರು’ ಎಂದು ಕೇಳಲು ಮೊಮ್ಮಗಳಿಗೆ ಒಂದು ನೆಪವೂ ಸಿಗುತ್ತದೆ.

ಈವಾ ಕೋರ್ ಪ್ರತಿವರ್ಷ ಜನರನ್ನು ಕರೆದುಕೊಂಡು ಆಶ್ವಿಟ್ಸಿಗೆ ಹೋಗುತ್ತಿದ್ದರು. ಅಂಥದೊಂದು ಯಾತ್ರೆಯಲ್ಲಿದ್ದಾಗಲೇ 2019ರ ಜುಲೈ 4ರಂದು ಕ್ರಾಕೋವ್‌ನಲ್ಲಿ ತೀರಿಕೊಂಡರು. ಮ್ಯೂಂಖ್‌ನ ಬಳಿಗೆ ಅವರು ಮೊದಲು ಹೋದದ್ದು ಕ್ಷಮಿಸಲೆಂದಲ್ಲ. ಶಿಬಿರದಲ್ಲಿ ಚುಚ್ಚಿದ ಮದ್ದಿನಿಂದ ಮಿರಿಯಂ ಅವರ ಮೂತ್ರಪಿಂಡಗಳು ಹತ್ತು ವರ್ಷದ ಮಗುವಿನ ಗಾತ್ರವನ್ನು ದಾಟಿ ಬೆಳೆಯಲೇ ಇಲ್ಲವೆಂಬುದು, ಆಕೆ ಬಸುರಿಯಾದಾಗ ಬಂದ ಸೋಂಕುಗಳನ್ನು ವೈದ್ಯರು ಪರೀಕ್ಷಿಸಿದಾಗ ಗೊತ್ತಾಗಿತ್ತು. 1987ರಲ್ಲಿ ಅವು ಕೆಲಸ ನಿಲ್ಲಿಸಿದಾಗ ಈವಾ ತಮ್ಮದೊಂದನ್ನು ಕೊಟ್ಟರು; ಅದಾದ ಮೇಲೆ ಕ್ಯಾನ್ಸರ್ ಬಂದು 1993ರ ಜೂನ್‌ನಲ್ಲಿ ಮಿರಿಯಂ ತೀರಿಕೊಂಡರು. ಚುಚ್ಚಿದ್ದು ಏನೆಂದು ತಿಳಿದರೆ ಚಿಕಿತ್ಸೆಗೆ ದಾರಿಯಾದೀತೆಂದು ವೈದ್ಯರು ಕೇಳುತ್ತಲೇ ಇದ್ದರು. ಸೋದರಿ ತೀರಿಕೊಂಡ ಕೆಲವೇ ವಾರಗಳಲ್ಲಿ ಈವಾ ಜರ್ಮನಿಗೆ ಹೋಗಿ ಆ ವೈದ್ಯನ ಎದುರು ಕೂತು ಮೆಂಗೆಲೆಯ ಪ್ರಯೋಗಗಳ ಬಗ್ಗೆ ಕೇಳಿದಾಗ, ತನಗೆ ಗೊತ್ತಿಲ್ಲವೆಂದನವನು. ಕ್ಷಮಾಪತ್ರಕ್ಕೆ ಸಹಿ ಹಾಕಿದ ನಂತರವೂ ಈವಾ ಆ ಪ್ರಯೋಗಗಳ ಕಡತಗಳನ್ನು ಹುಡುಕುವುದನ್ನು ನಿಲ್ಲಿಸಲಿಲ್ಲ. ಅವು ಸಿಗಲಿಲ್ಲ.